‘ಐದು ವರ್ಷಕ್ಕೆ ಡಬಲ್ ಅಂತಾರೆ, ಸೈಟು ತಗೋಬಹುದಾ?’

ಪ್ರಶ್ನೆ: ನಾನು ಅರಸೀಕೆರೆ ತಾಲ್ಲೂಕಿನಲ್ಲಿ ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ಯಜಮಾನರದ್ದು ಹಾರ್ಡ್‌ವೇರ್ ಅಂಗಡಿ. ಇಬ್ಬರು ಮಕ್ಕಳು. ಉಳಿತಾಯ 12 ಲಕ್ಷ ಇದೆ, ಚೀಟಿ ಎತ್ತಿದರೆ ಇನ್ನು 3 ಲಕ್ಷ ಬರುತ್ತದೆ. ಬ್ಯಾಂಕಿನಲ್ಲಿಟ್ಟರೆ ದುಡ್ಡು ಬೆಳೆಯಲ್ಲ, ಭೂಮಿ ಮೇಲೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಭಾವ ಇದೇ ವ್ಯವಹಾರದಲ್ಲಿದ್ದಾರೆ, ಮೂರು ಆಸ್ತಿ ತೋರಿಸಿದ್ದಾರೆ. ಒಂದು, ಹಾಸನದಿಂದ 7 ಕಿ.ಮೀ. ಆಚೆ ಹೊಸ ಬಡಾವಣೆಯಲ್ಲಿ 30x40 ಸೈಟು, 14 ಲಕ್ಷ. ‘ಡಿಸಿ ಕನ್ವರ್ಷನ್ ಆಗಿದೆ, 9-11 ಆಮೇಲೆ ಮಾಡಿಸೋಣ’ ಅನ್ನುತ್ತಾರೆ. 9 ಲಕ್ಷ ಚೆಕ್, 5 ಲಕ್ಷ ನಗದು. ಏರ್‌ಪೋರ್ಟ್ ಬಂದರೆ ಐದು ವರ್ಷಕ್ಕೆ ಡಬಲ್ ಅಂತೆ. ಎರಡನೆಯದು ಸಕಲೇಶಪುರದ ಹತ್ತಿರ ಒಂದು ಎಕರೆ ಕಾಫಿ ತೋಟ, ಇನ್ನಿಬ್ಬರ ಜೊತೆ ಸೇರಿ ಕೊಳ್ಳುವುದು. ನನ್ನ ಪಾಲು 12 ಲಕ್ಷ, ಮುಂದೆ ಹೋಂಸ್ಟೇ ಮಾಡಬಹುದು. ಮೂರನೆಯದು ಹಾಸನ ಊರೊಳಗಿನ ಹಳೇ ಮನೆ, 28 ಲಕ್ಷ, ಈಗ 9 ಸಾವಿರ ಬಾಡಿಗೆ ಬರುತ್ತಿದೆ. ಅದಕ್ಕೆ 15 ಲಕ್ಷ ಸಾಲ ಮಾಡಬೇಕು. ಭಾನುವಾರ ಸೈಟಿಗೆ 1 ಲಕ್ಷ ಟೋಕನ್ ಕೊಡಿ ಅನ್ನುತ್ತಿದ್ದಾರೆ. ನಮಗೆ ಇದೇ ಮೊದಲು. ಯಾವುದು ಮಾಡಬಹುದು? ನನ್ನ ಹೆಸರಿಗೆ ಮಾಡಿಸಿದರೆ ನೋಂದಣಿ ಖರ್ಚು ಕಡಿಮೆಯಾಗುತ್ತದಂತೆ, ನಿಜವೇ?

ಉತ್ತರ: ಮೇಡಂ, ಮೊದಲು ಭಾನುವಾರದ ವಿಷಯ ಮುಗಿಸೋಣ. ಟೋಕನ್ ಕೊಡಬೇಡಿ. ಭಾವನಿಗೆ ಬೇಜಾರಾಗಬಾರದು ಅಂತಿದ್ದರೆ ‘ಲಾಯರ್ ಕಾಗದ ನೋಡಬೇಕಂತೆ’ ಅಂತ ನನ್ನ ಮೇಲೆ ಹಾಕಿ. ಅದು ನನಗೆ ಅಭ್ಯಾಸವಾಗಿದೆ. ಒಂದು ವಾರ ಕಾದಿದ್ದಕ್ಕೆ ಕೈತಪ್ಪಿಹೋದ ಸೈಟು ಹಾಸನದ ಸುತ್ತಮುತ್ತ ನಾನಂತೂ ಜಾಸ್ತಿ ನೋಡಿಲ್ಲ. ‘ಇನ್ನೊಬ್ಬರು ರೆಡಿ ಇದ್ದಾರೆ’ ಅನ್ನುತ್ತಾರಲ್ಲ, ಆ ಇನ್ನೊಬ್ಬರು ಎಲ್ಲ ಸೈಟಿಗೂ ರೆಡಿ ಇರುತ್ತಾರೆ.

ನೀವು ಕೇಳಿರುವುದು ಮೂರರಲ್ಲಿ ಯಾವುದು ಅಂತ. ಆದರೆ ಪತ್ರ ಓದಿದರೆ ದುಡ್ಡು ಸುಮ್ನೆ ಬಿದ್ದಿದೆ ಅನ್ನುವ ಆತುರವೂ ಕಾಣುತ್ತದೆ, ಹಾಕಿ ಸಿಕ್ಕಿಹಾಕಿಕೊಂಡರೆ ಅನ್ನುವ ಹೆದರಿಕೆಯೂ ಕಾಣುತ್ತದೆ. ಹೆದರಿಕೆಗೆ ಕಾರಣ ಇದೆ, ಆತುರಕ್ಕೆ ಅಷ್ಟು ಕಾರಣ ಇಲ್ಲ.

ಮೊದಲ ಸಲ ಜಾಗ ಕೊಳ್ಳುವವರು ನನ್ನ ಹತ್ತಿರ ಬಂದರೆ ‘ಮುಂದೆ ಎಷ್ಟಕ್ಕೆ ಏರಬಹುದು ಸಾರ್’ ಅಂತ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಾಳೆ ಇದನ್ನು ನಿಮ್ಮಿಂದ ಕೊಳ್ಳುವವರಿಗೆ ಬ್ಯಾಂಕ್ ಸಾಲ ಕೊಡುತ್ತದಾ? ಹಾಸನದಲ್ಲಿ ಮನೆ, ಸೈಟು ಕೊಳ್ಳುವವರು ಯಾರು ಯೋಚಿಸಿ. ಇಸ್ರೋದ ಎಂಸಿಎಫ್‌ನಲ್ಲಿ ಕೆಲಸ ಮಾಡುವವರು, ಹಿಮ್ಸ್ ಆಸ್ಪತ್ರೆಯ ಸಿಬ್ಬಂದಿ, ಕಾಲೇಜು ಮೇಷ್ಟ್ರುಗಳು, ನಿಮ್ಮಂಥ ಶಿಕ್ಷಕರು. ಸಂಬಳದವರು ಸಾಲ ಇಲ್ಲದೆ ಕೊಳ್ಳುವುದು ಕಷ್ಟ. ಸಾಲ ಬೇಕಾದರೆ ಬ್ಯಾಂಕಿನ ಪ್ಯಾನೆಲ್ ಲಾಯರ್ ನಿಮ್ಮ ಕಾಗದ ಓದುತ್ತಾರೆ. ಅವರು ಪಾಸು ಮಾಡದ ಆಸ್ತಿಗೆ ಉಳಿಯುವುದು ಕೈಯಲ್ಲಿ ನಗದು ಹಿಡಿದುಕೊಂಡು ಬರುವ ಗಿರಾಕಿಗಳು ಮಾತ್ರ. ಅಂಥವರು ಕಡಿಮೆ, ಬಂದರೂ ಹಿಂಡಿ ಕೇಳುತ್ತಾರೆ. ನಿಮ್ಮ ಮೂರೂ ಆಸ್ತಿಯನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡೋಣ.

ಅದಕ್ಕೆ ಮೊದಲು ಡಬಲ್ ಲೆಕ್ಕ. ಐದು ವರ್ಷಕ್ಕೆ ಡಬಲ್ ಆಗಬೇಕಾದರೆ ವರ್ಷಕ್ಕೆ ಹತ್ತಿರ ಹತ್ತಿರ ಶೇ 15ರಷ್ಟು, ಬಡ್ಡಿಗೆ ಬಡ್ಡಿ ಸೇರಿ, ಏರಬೇಕು. ಆಗಲ್ಲ ಅಂತಲ್ಲ. ಕೆಲವು ರಸ್ತೆಗಳಲ್ಲಿ ಕೆಲವು ವರ್ಷ ಆಗಿದೆ. ಆದರೆ ‘ನಮ್ಮ ಸೈಟು ಡಬಲ್ ಆಯ್ತು’ ಅಂತ ಮದುವೆ ಮನೆಯಲ್ಲಿ ಹೇಳುವವರನ್ನು ಎಷ್ಟು ವರ್ಷಕ್ಕೆ ಅಂತ ಕೇಳಿ ನೋಡಿ. ಹತ್ತು ವರ್ಷ ಅಂದರೆ ಅದು ವರ್ಷಕ್ಕೆ ಶೇ 7ರ ಚಿಲ್ಲರೆ. ನೀವು ಬೆಳೆಯಲ್ಲ ಅನ್ನುವ ಫಿಕ್ಸೆಡ್ ಡಿಪಾಸಿಟ್ ಕೂಡ ಅದರ ಹತ್ತಿರ ಹತ್ತಿರ ಕೊಡುತ್ತದೆ, ಅದೂ ತಲೆನೋವಿಲ್ಲದೆ. ಹತ್ತು ವರ್ಷದ ಕಂದಾಯ, ಬೇಲಿ, ಗಿಡಗಂಟಿ ತೆಗೆಸಿದ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊಳ್ಳುವ ದಿನವೇ ಒಂದು ಪೆಟ್ಟು ಬೀಳುತ್ತದೆ, ಅದನ್ನೂ ಬ್ರೋಕರ್ ಹೇಳುವುದಿಲ್ಲ. ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6, ಪಂಚಾಯಿತಿ ಕಡೆ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಪಂಚಾಯಿತಿ ಕಡೆ ಒಟ್ಟು ಶೇ 7.65, ನಗರದಲ್ಲಿ ಶೇ 7.6. ನಿಮ್ಮ 14 ಲಕ್ಷದ ಸೈಟಿಗೆ ಇದು 1,07,100 ರೂಪಾಯಿ. ಬರವಣಿಗೆ, ಕಮಿಷನ್ ಬೇರೆ. ಅಂದರೆ ಸೈಟಿನ ಬೆಲೆ ಶೇ 8ರಷ್ಟು ಏರುವ ತನಕ ನೀವಿನ್ನೂ ನಷ್ಟದಲ್ಲೇ ಇರುತ್ತೀರಿ. ಒಂದೇ ವರ್ಷದಲ್ಲಿ ತಗೊಂಡು ಮಾರಿ ಲಾಭ ಮಾಡುವ ಆಸೆ ಇದ್ದರೆ ಇಲ್ಲೇ ಬಿಡುವುದು ಒಳ್ಳೆಯದು.

‘ಭೂಮಿ ಬೆಲೆ ಇಳಿಯಲ್ಲ’ ಅನ್ನುವುದು ಇನ್ನೊಂದು. ಇದು ಅರ್ಧ ನಿಜ. ನಮ್ಮ ಕಡೆ ರೇಟು ಇಳಿಯುವುದು ಕಾಣುವುದಿಲ್ಲ, ಗಿರಾಕಿಗಳು ಕಾಣೆಯಾಗುತ್ತಾರೆ. 2016ರ ನೋಟು ರದ್ದತಿ ಆದಾಗಲೂ, ಕೊರೋನಾ ಕಾಲದಲ್ಲೂ ಹಾಗೇ ಆಯಿತು. ಬೋರ್ಡಿನ ಮೇಲಿನ ರೇಟು ಅದೇ ಇತ್ತು, ಕೊಳ್ಳುವವರು ಇರಲಿಲ್ಲ. ಮಗಳ ಫೀಸಿಗೋ ಆಸ್ಪತ್ರೆಗೋ ಆ ಹೊತ್ತಿನಲ್ಲಿ ದುಡ್ಡು ಬೇಕಾದವರು ಸಿಕ್ಕಿದ ಬೆಲೆಗೆ ಕೊಟ್ಟರು.

ಏರ್‌ಪೋರ್ಟ್ ಬಗ್ಗೆ ಹಾಸನದವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಬೂವನಹಳ್ಳಿಯಲ್ಲಿ ಅಡಿಗಲ್ಲು ಬಿದ್ದದ್ದು 2007ರಲ್ಲಿ. ಆಮೇಲೆ ವರ್ಷಗಟ್ಟಲೆ ಕೆಲಸ ನಿಂತೇ ಇತ್ತು. ಆಗ ‘ಇನ್ನೆರಡು ವರ್ಷ’ ಅಂತ ನಂಬಿ ಸಾಲ ಮಾಡಿ ಜಾಗ ತೆಗೆದುಕೊಂಡವರು ಬಡ್ಡಿ ಕಟ್ಟಿದ್ದು ಎಷ್ಟು ಅಂತ ಅವರನ್ನೇ ಕೇಳಬೇಕು. ಬೆಂಗಳೂರು–ಹಾಸನ ರೈಲು ಶ್ರವಣಬೆಳಗೊಳದ ಮೇಲೆ 2017ರಲ್ಲಿ ಬಂತು, ನಿಜ. ಅದಕ್ಕೂ ಜನ ಎಷ್ಟೋ ವರ್ಷ ಕಾದಿದ್ದರು. ನನ್ನ ಲೆಕ್ಕ ಇಷ್ಟೇ: ಓಡಾಡುತ್ತಿರುವ ರೈಲು, ನಡೆಯುತ್ತಿರುವ ಆಸ್ಪತ್ರೆ, ಹರಿಯುತ್ತಿರುವ ನಲ್ಲಿ ನೀರು, ಇವಕ್ಕೆ ಬೆಲೆ ಕೊಡಿ. ‘ಬರುತ್ತಂತೆ’ ಅನ್ನುವುದಕ್ಕೆ ದುಡ್ಡು ಕೊಡಬೇಡಿ. ಬಂದರೆ ಅದು ಪುಕ್ಕಟೆ ಲಾಭ.

ದೊಡ್ಡ ಯೋಜನೆ ಹತ್ತಿರ ಬರುತ್ತದೆ ಅಂದರೆ ಭೂಸ್ವಾಧೀನವೂ ಹತ್ತಿರ ಬರಬಹುದು, ಇದನ್ನು ಯಾರೂ ಹೇಳುವುದಿಲ್ಲ. ಸರ್ವೆ ನಂಬರ್ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸ್ವಾಧೀನಕ್ಕೆ ಮೊದಲು ಹೊರಡಿಸುವ 28(1) ಅಧಿಸೂಚನೆಯಲ್ಲಿ ಇದೆಯಾ ಅಂತ ನೋಡಿಯೇ ಮುಂದಿನ ಮಾತು.

ಈಗ ಸೈಟಿನ ಕಾಗದ. ‘ಡಿಸಿ ಕನ್ವರ್ಷನ್ ಆಗಿದೆ’ ಅನ್ನುವ ಒಂದು ಮಾತಿಗೆ ಎಷ್ಟು ಜನ ಮರುಳಾಗುತ್ತಾರೆ ಅಂದರೆ ನನಗೆ ಈಗಲೂ ಆಶ್ಚರ್ಯ. ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ವಾಸಕ್ಕೆ ಬಳಸಬಹುದು ಅಂತ ಜಿಲ್ಲಾಧಿಕಾರಿ ಕೊಟ್ಟ ಆದೇಶ, ಅಷ್ಟೇ. ಆ ಜಮೀನನ್ನು ಸೈಟುಗಳಾಗಿ ತುಂಡು ಮಾಡಿ, ರಸ್ತೆ ಬಿಟ್ಟು, ಪಾರ್ಕ್ ಬಿಟ್ಟು ಮಾರಲು ಬಡಾವಣೆ ನಕ್ಷೆಗೆ ಬೇರೆಯೇ ಅನುಮೋದನೆ ಬೇಕು. ಹಾಸನ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಹುಡಾ ಕೊಡಬೇಕು, ಅದರಾಚೆ ನಗರ ಯೋಜನಾ ಇಲಾಖೆ. ಮೊಹರು ಇರುವ ಆ ನಕ್ಷೆಯಲ್ಲಿ ನಿಮ್ಮ ಸೈಟ್ ನಂಬರ್ ಕಾಣಬೇಕು. ಬ್ರೋಷರ್‌ನಲ್ಲಿರುವ ಬಣ್ಣದ ನಕ್ಷೆ ಲೆಕ್ಕಕ್ಕಿಲ್ಲ. ರಸ್ತೆ, ಪಾರ್ಕ್ ಜಾಗವನ್ನು ಪಂಚಾಯಿತಿಗೋ ಪ್ರಾಧಿಕಾರಕ್ಕೋ ಬಿಟ್ಟುಕೊಟ್ಟ ಪತ್ರ ಇರಬೇಕು. ಅದಾದ ಮೇಲೆ ಸೈಟುಗಳ ಬಿಡುಗಡೆ ಆದೇಶ. ಆಮೇಲೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ, ಭಾವ ‘9-11’ ಅನ್ನುವುದು ಇದನ್ನೇ.

ಹಾಗಾಗಿ ‘9-11 ಆಮೇಲೆ ಮಾಡಿಸೋಣ’ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ನಕ್ಷೆ ಪಾಸಾಗಿದ್ದರೆ ಅದು ಈಗಲೇ ಆಗಿರಬೇಕಿತ್ತು ಅಲ್ವಾ? ಆಗದೆ ಇರುವುದಕ್ಕೆ ಕಾರಣ ಇರುತ್ತದೆ, ಆ ಕಾರಣವೇ ನಿಮಗೆ ಬೇಕಾದ ಸುದ್ದಿ. ಕೆಲವು ಸಲ 11ಬಿ ತೋರಿಸಿ ‘ಇದೂ ಒಂದೇ’ ಅನ್ನುತ್ತಾರೆ. ಒಂದೇ ಅಲ್ಲ. 11ಬಿ, ಹಾಗೇ ನಗರದ ಕಡೆ ಬಿ ಖಾತಾ, ಇವು ಅನುಮೋದನೆ ಇಲ್ಲದ ಆಸ್ತಿಯಿಂದಲೂ ತೆರಿಗೆ ವಸೂಲಿ ಮಾಡಲು ಇಟ್ಟ ಲೆಕ್ಕ. ನೀವು ತೆರಿಗೆ ಕಟ್ಟಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ, ಬ್ಯಾಂಕುಗಳೂ ಅದಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ.

ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನಂಬರನ್ನೂ ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡದಾದ ಬಡಾವಣೆ ನೋಂದಣಿ ಆಗಲೇಬೇಕು. 500 ಚದರ ಮೀಟರ್ ಅಂದರೆ ನಾಲ್ಕೂವರೆ 30x40 ಸೈಟು. ನಿಮ್ಮದು ಅದಕ್ಕಿಂತ ಚಿಕ್ಕದಿರಲಿಕ್ಕಿಲ್ಲ. ನಂಬರ್ ಕೊಟ್ಟರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಕ್ಷೆ, ಕನ್ವರ್ಷನ್ ಆದೇಶ ಎಲ್ಲ ಅಲ್ಲೇ ಸಿಗುತ್ತವೆ.

ಇದೆಲ್ಲ ಸರಿ ಇದ್ದರೂ ಜಮೀನಿನ ಹಳೇ ಕಥೆ ನೋಡಲೇಬೇಕು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಕ್ಲೀನ್ ಇದೆ ಅಂದುಬಿಟ್ಟರೆ ಸಾಕು ಅಂತ ತುಂಬಾ ಜನ ತಿಳಿದಿದ್ದಾರೆ. ಇಸಿಯಲ್ಲಿ ಬರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆದ ವ್ಯವಹಾರ ಮಾತ್ರ. ಮನೆಯೊಳಗೆ ಬರೆದುಕೊಂಡ ಪಾಲುಪಟ್ಟಿ, ನೋಂದಣಿ ಆಗದ ವಿಲ್, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಹಕ್ಕಿದ್ದೂ ಸಹಿ ಹಾಕದ ತಂಗಿ, ಇವರ್ಯಾರೂ ಇಸಿಯಲ್ಲಿ ಕಾಣುವುದಿಲ್ಲ.

ಒಂದು ಉದಾಹರಣೆ. ಒಂದು ಬಡಾವಣೆಯ ಸೈಟು ಕೊಳ್ಳಲು ಹೊರಟವರು ಕಾಗದ ತಂದಿದ್ದರು. ಎಲ್ಲ ಹೊಸದು, ಲ್ಯಾಮಿನೇಷನ್ ಮಾಡಿದ್ದು. ಕನ್ವರ್ಷನ್‌ಗೆ ಮುಂಚಿನ ಪಹಣಿ ತರಿಸಿ ಅಂದೆ. 9ನೇ ಕಾಲಂನಲ್ಲಿ ಒಬ್ಬರದೇ ಹೆಸರು. ಅಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅಂತ ಇರುತ್ತದೆ. ಅಲ್ಲಿ ‘ಪೌತಿ’ ಅಂತಿತ್ತು, ಜೊತೆಗೆ ಒಂದು ಎಂಆರ್ (ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ) ನಂಬರ್. ಅಂದರೆ ತಂದೆ ತೀರಿಕೊಂಡ ಮೇಲೆ ಮಗನ ಹೆಸರಿಗೆ ಖಾತೆ ಆಗಿದೆ. ಒಬ್ಬನೇ ಮಗನೇ? ವಂಶವೃಕ್ಷ ತರಿಸಿದರೆ ಮದುವೆಯಾಗಿ ಹೋದ ಇಬ್ಬರು ಅಕ್ಕಂದಿರು. ಅವರ ಹಕ್ಕು ಬಿಡುಗಡೆ ಪತ್ರ ಎಲ್ಲೂ ಇರಲಿಲ್ಲ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. 2005ರಲ್ಲಿ ತಂದೆ ಬದುಕಿರಬೇಕಿತ್ತು ಅನ್ನುವ ವಾದವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿದೆ. ಆ ಅಕ್ಕಂದಿರು ದಾವೆ ಹಾಕಿದರೆ ಸೈಟು ಕೊಂಡ ಎಲ್ಲರೂ ಪ್ರತಿವಾದಿಗಳು. ಅವರಿಬ್ಬರ ಸಹಿ ಬರದೆ ಕೊಳ್ಳಬೇಡಿ ಅಂದೆ. ಬಡಾವಣೆಯವರು ಸಹಿ ತರಲಿಲ್ಲ, ಇವರು ಕೊಳ್ಳಲಿಲ್ಲ.

11ನೇ ಕಾಲಂ ಕೂಡ ಓದಿ. ಸೊಸೈಟಿ ಸಾಲ, ಕೋರ್ಟ್ ತಡೆ, ಸ್ವಾಧೀನದ ಷರಾ ಅಲ್ಲೇ ಬರುವುದು. 3ನೇ ಕಾಲಂನಲ್ಲಿ ಖರಾಬು ಎಷ್ಟು ಅಂತ ನೋಡಿ. ಬಿ ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದನ್ನು ಯಾರೂ ಮಾರುವಂತಿಲ್ಲ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ನೀವು ನಿಂತಿರುವ ಸರ್ವೆ ನಂಬರ್ ತೋರಿಸುತ್ತದೆ. ಭಾವ ಹೇಳಿದ ನಂಬರ್ರೂ ಅದೂ ಒಂದೇನಾ ನೋಡಿ. ಅದು ಅಂದಾಜಿಗೆ ಸರಿ, ಹದ್ದುಬಸ್ತಿಗೆ ಸರ್ವೆಯರ್ರೇ ಬೇಕು. ಮಳೆ ಜೋರಾಗಿ ಬಂದ ಮಾರನೇ ದಿನ ಒಮ್ಮೆ ಹೋಗಿ ಬನ್ನಿ, ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಯಾವ ಕಾಗದದಲ್ಲೂ ಇರುವುದಿಲ್ಲ.

ನಗದಿನ ವಿಷಯಕ್ಕೆ ಬರುತ್ತೇನೆ. 14 ಲಕ್ಷದಲ್ಲಿ 9 ಲಕ್ಷ ಮಾತ್ರ ಕ್ರಯಪತ್ರದಲ್ಲಿ ತೋರಿಸಿದರೆ ‘ನಿಮಗೇ ಉಳಿತಾಯ’ ಅನ್ನುತ್ತಾರೆ. ಎಷ್ಟು ಉಳಿಯುತ್ತದೆ ನೋಡಿ. 5 ಲಕ್ಷದ ಮೇಲಿನ ಶೇ 7.65, ಅಂದರೆ 38,250 ರೂಪಾಯಿ. ಈಗ ಮುಂದೆ ಒಂದು ದಿನ ಅದನ್ನು 22 ಲಕ್ಷಕ್ಕೆ, ಸಾಲ ಮಾಡಿ ಕೊಳ್ಳುವವರಿಗೆ, ಪೂರ್ತಿ ಚೆಕ್‌ನಲ್ಲಿ ಮಾರಿದಿರಿ ಅಂದುಕೊಳ್ಳಿ. ನಿಮಗೆ ನಿಜವಾಗಿ ಬಂದ ಲಾಭ 8 ಲಕ್ಷ. ಕಾಗದದ ಪ್ರಕಾರ 13 ಲಕ್ಷ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಆಸ್ತಿಯ ಲಾಭಕ್ಕೆ ಶೇ 12.5 ತೆರಿಗೆ. ಬಾರದ 5 ಲಕ್ಷಕ್ಕೆ 62,500 ರೂಪಾಯಿ ತೆರಿಗೆ ಕಟ್ಟುತ್ತೀರಿ. ಉಳಿತಾಯ ಮಾರುವವರದ್ದು, ನಿಮ್ಮದಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ನಾಳೆ ಹಕ್ಕು ಕೆಟ್ಟು ದುಡ್ಡು ವಾಪಸ್ ಕೇಳುವ ಸ್ಥಿತಿ ಬಂದರೆ ಕಾಗದದಲ್ಲಿರುವ 9 ಲಕ್ಷಕ್ಕೆ ಮಾತ್ರ ನಿಮ್ಮ ಹತ್ತಿರ ದಾಖಲೆ.

ನಿಮಗೆ ಇನ್ನೊಂದು ಕಾರಣವೂ ಇದೆ. ನೀವು ಸರ್ಕಾರಿ ನೌಕರರು. ನಡತೆ ನಿಯಮಗಳ ಪ್ರಕಾರ ಸ್ಥಿರಾಸ್ತಿ ಕೊಳ್ಳುವ ಮೊದಲು ಇಲಾಖೆಗೆ ತಿಳಿಸಬೇಕು, ಪ್ರತಿ ವರ್ಷ ಆಸ್ತಿ ವಿವರ ಸಲ್ಲಿಸಬೇಕು. ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೆ ಪಾಸ್‌ಬುಕ್ ತೋರಿಸುವ ಹಾಗಿರಬೇಕು. ನಗದು ಕೊಟ್ಟದ್ದಕ್ಕೆ ಏನು ತೋರಿಸುತ್ತೀರಿ?

ಕಾಫಿ ತೋಟ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನನ್ನ ಉತ್ತರ ಬೇಡ ಅಂತ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆ ಅಡ್ಡಿ ಈಗಿಲ್ಲ. ಅಡ್ಡಿ ಇರುವುದು ಬೇರೆ ಕಡೆ. ಒಂದು ಎಕರೆಗೆ ಅಂತ ತೋಟ ನೋಡಿಕೊಳ್ಳುವ ಒಬ್ಬ ರೈಟರ್ ಇಡಲು ಆಗುವುದಿಲ್ಲ. ಮರಗಸಿ, ಕಳೆ, ಔಷಧಿ, ಕುಯ್ಲು ಎಲ್ಲಕ್ಕೂ ಆಳು ಬೇಕು, ಆಳಿನ ಹಿಂದೆ ಒಬ್ಬರು ನಿಲ್ಲಬೇಕು. ಅರಸೀಕೆರೆಯಲ್ಲಿ ಪಾಠ ಮಾಡುತ್ತಾ ಸಕಲೇಶಪುರದಲ್ಲಿ ಕಾಫಿ ಕುಯ್ಲು ಮಾಡಿಸುವುದು ಆಗುವ ಮಾತಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಕಾಟ ಹೇಗಿದೆ ಅಂತ ದಿನಾ ಪೇಪರಿನಲ್ಲಿ ಓದುತ್ತೀರಿ. ಕಾಫಿಗೆ ಈಚೆಗೆ ಒಳ್ಳೇ ಬೆಲೆ ಬಂದದ್ದರಿಂದ ತೋಟದವರೂ ಆ ಬೆಲೆ ನೋಡಿಯೇ ರೇಟು ಹೇಳುತ್ತಿದ್ದಾರೆ. 2000ದ ಆಸುಪಾಸಿನಲ್ಲಿ ಕಾಫಿ ಬಿದ್ದದ್ದು ಮಲೆನಾಡಿನ ಹಳಬರಿಗೆ ಚೆನ್ನಾಗಿ ನೆನಪಿದೆ.

ಕಾಗದದಲ್ಲೂ ತೊಡಕು ಜಾಸ್ತಿ. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು, ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ, ಪಿಟಿಸಿಎಲ್ ಕಾಯ್ದೆಯಡಿ ವಾಪಸ್ ಹೋಗಬಹುದು. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿ ಇಲ್ಲ ಅನ್ನುತ್ತದೆ, ಹಾಗಾಗಿ ‘ತುಂಬಾ ವರ್ಷ ಆಯ್ತು’ ಅನ್ನುವ ಮಾತನ್ನೇ ನಂಬಿಕೊಂಡು ಕೊಳ್ಳಬೇಡಿ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಬಗ್ಗೆ 2024ರ ಜುಲೈನಲ್ಲಿ ಬಂದ ಆರನೇ ಕರಡು ಪಟ್ಟಿಯಲ್ಲಿ ಆ ಊರಿನ ಹೆಸರಿದೆಯಾ ನೋಡಬೇಕು. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಮತ್ತು ಸರ್ಕಾರಿ ನೌಕರರು ಅನುಮತಿ ಇಲ್ಲದೆ ವ್ಯಾಪಾರ ನಡೆಸುವಂತಿಲ್ಲ.

ಎಲ್ಲಕ್ಕಿಂತ ನನಗೆ ಭಯ ಆ ‘ಇನ್ನಿಬ್ಬರು’. ಮೂವರ ಹೆಸರಿನಲ್ಲಿ ಒಂದೇ ಎಕರೆ ಕೊಂಡರೆ ನಿಮ್ಮ ಮೂರನೇ ಒಂದು ಪಾಲು ಯಾವ ಬದಿಯದು ಅಂತ ಗುರುತಿರುವುದಿಲ್ಲ. ಬೇರೆ ಮಾಡಲು ಸರ್ವೆ ಇಲಾಖೆಯ 11ಇ ನಕ್ಷೆ, ಪೋಡಿ (ಪಾಲು ಅಳೆದು ಬೇರೆ ಮಾಡುವುದು) ಆಗಬೇಕು, ದಾರಿ ಯಾರ ಪಾಲಿನ ಮೇಲೆ ಅಂತ ತೀರ್ಮಾನ ಆಗಬೇಕು. ನಿಮಗೆ ದುಡ್ಡು ಬೇಕಾದ ದಿನ ಅವರಿಬ್ಬರಿಗೆ ಮಾರುವ ಮನಸ್ಸಿಲ್ಲದಿದ್ದರೆ ಗುರುತಿಲ್ಲದ ಪಾಲನ್ನು ಹೊರಗಿನವರು ಯಾರು ಕೊಳ್ಳುತ್ತಾರೆ? ಬ್ಯಾಂಕ್ ಸಾಲದ ಪ್ರಶ್ನೆ ಇಲ್ಲಿ ಕೇಳುವುದೇ ಬೇಡ.

ಇನ್ನು ಹಳೇ ಮನೆ. ಮೂರರಲ್ಲಿ ನನಗೆ ಸ್ವಲ್ಪವಾದರೂ ಮನಸ್ಸು ಹೋಗುವುದು ಇದರ ಮೇಲೆ. ಊರೊಳಗಿದೆ, ಜನ ವಾಸ ಇದ್ದಾರೆ, ತಿಂಗಳಿಗೆ ದುಡ್ಡು ಬರುತ್ತಿದೆ. ಮಾರಬೇಕು ಅಂದರೆ ಸಾಲ ಮಾಡಿ ಕೊಳ್ಳುವವರು ಸಿಗುತ್ತಾರೆ. ಆದರೆ ಲೆಕ್ಕ ಗಟ್ಟಿಯಾಗಿ ಮಾಡಿ. 28 ಲಕ್ಷಕ್ಕೆ 9 ಸಾವಿರ ಬಾಡಿಗೆ ಅಂದರೆ ವರ್ಷಕ್ಕೆ 1,08,000, ಶೇ 4ಕ್ಕೂ ಕಡಿಮೆ. ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬಿದ್ದ ತಿಂಗಳು ಕಳೆದರೆ ಶೇ 3ರ ಆಸುಪಾಸು. ಸಾಲದ ಬಡ್ಡಿ ಶೇ 8.5 ಅಂತಿಟ್ಟುಕೊಂಡರೆ 15 ಲಕ್ಷಕ್ಕೆ 15 ವರ್ಷದ ಕಂತು ತಿಂಗಳಿಗೆ ಸುಮಾರು 14,770. ಬಾಡಿಗೆ ಹೋಗಿ ತಿಂಗಳಿಗೆ 5,800 ರೂಪಾಯಿಯಷ್ಟು ನಿಮ್ಮ ಸಂಬಳದಿಂದ ಹೋಗುತ್ತದೆ. ‘ಬಾಡಿಗೆಯೇ ಸಾಲ ತೀರಿಸುತ್ತೆ’ ಅನ್ನುವ ಮಾತು ನಮ್ಮ ಊರುಗಳ ಬಾಡಿಗೆಗೆ ಹೊಂದುವುದಿಲ್ಲ.

ಕೈಯಿಂದ ಹಾಕುವ ದುಡ್ಡನ್ನೂ ಕೂಡಿಸಿ. ಸಾಲ ಬಿಟ್ಟು 13 ಲಕ್ಷ. ಮುದ್ರಾಂಕ, ನೋಂದಣಿ ಶೇ 7.6, ಅಂದರೆ 2,12,800. ಒಟ್ಟು 15 ಲಕ್ಷ ದಾಟಿತು. ನಿಮ್ಮ ಹತ್ತಿರ ಇರುವುದೇ 15. ಅದರಲ್ಲೂ 3 ಲಕ್ಷ ಚೀಟಿಯದು. ಇನ್ನೂ ಕಂತು ಬಾಕಿ ಇರುವಾಗ ಎತ್ತಿದ ಚೀಟಿ ಅಂದರೆ ಅದೂ ಸಾಲವೇ, ಹೆಸರು ಬೇರೆ ಅಷ್ಟೇ. ಹಳೇ ಮನೆಯ ತಾರಸಿ ಮೊದಲ ಮಳೆಗಾಲಕ್ಕೇ ಸೋರಿದರೆ ರಿಪೇರಿಗೆ ಎಲ್ಲಿಂದ ತರುತ್ತೀರಿ? ಅದಕ್ಕೆ ಪರ್ಸನಲ್ ಲೋನ್ ಮಾಡುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ.

ಬಾಡಿಗೆದಾರರನ್ನು ನೀವೇ ಹೋಗಿ ಮಾತಾಡಿಸಿ, ಭಾವ ಜೊತೆಗಿಲ್ಲದಾಗ. 9 ಸಾವಿರ ನಿಜವಾಗಿ ಕೊಡುತ್ತಿದ್ದಾರಾ, ಅಥವಾ ಭೋಗ್ಯಕ್ಕೆ ಹಾಕಿಕೊಂಡಿದ್ದಾರಾ? ಹಾಸನದಲ್ಲಿ ಇದು ತೀರಾ ಸಾಮಾನ್ಯ. ಮಾಲೀಕರು ನಾಲ್ಕೈದು ಲಕ್ಷ ಮೊದಲೇ ಇಸಿದುಕೊಂಡು ಖರ್ಚು ಮಾಡಿರುತ್ತಾರೆ, ಛಾಪಾ ಕಾಗದದ ಮೇಲೆ ಒಂದು ಕರಾರು ಇರುತ್ತದೆ, ಅದು ಇಸಿಯಲ್ಲಿ ಬರುವುದಿಲ್ಲ. ಮನೆ ನಿಮ್ಮ ಹೆಸರಿಗೆ ಆದ ಮೇಲೆ ‘ನಮ್ಮ ದುಡ್ಡು ಕೊಡಿ, ಖಾಲಿ ಮಾಡ್ತೀವಿ’ ಅಂತ ಅವರು ನಿಮ್ಮ ಮುಂದೆ ನಿಲ್ಲುತ್ತಾರೆ. ಕರೆಂಟ್ ಬಿಲ್ ಯಾರ ಹೆಸರಲ್ಲಿದೆ, ಬಾಡಿಗೆ ಯಾವ ಖಾತೆಗೆ ಹೋಗುತ್ತಿದೆ ಅಂತ ಕೇಳಿದರೆ ಅರ್ಧ ಗೊತ್ತಾಗುತ್ತದೆ. ಇ-ಖಾತೆ ಆಗಿದೆಯಾ ಅಂತಲೂ ನೋಡಿ, 2024ರಿಂದ ಅದಿಲ್ಲದೆ ನಗರದ ಆಸ್ತಿ ನೋಂದಣಿ ಆಗುವುದಿಲ್ಲ. ಕಟ್ಟಡ ತುಂಬಾ ಹಳೆಯದಾದರೆ ಬ್ಯಾಂಕ್ ಅದರ ಬೆಲೆ ಕಡಿಮೆ ಕಟ್ಟಿ ಸಾಲವನ್ನೂ ಕಡಿಮೆ ಮಾಡುತ್ತದೆ, ಆಗ ನಿಮ್ಮ ಕೈಯಿಂದ ಹಾಕುವುದು ಇನ್ನೂ ಏರುತ್ತದೆ.

ನಿಮ್ಮ ಜಾಗದಲ್ಲಿ ಇದ್ದರೆ ನಾನು ಏನು ಮಾಡುತ್ತಿದ್ದೆ? ಮೊದಲು ಉಳಿತಾಯದ 12 ಲಕ್ಷದಲ್ಲಿ 3 ಲಕ್ಷ ಮುಟ್ಟದೆ ಪಕ್ಕಕ್ಕಿಡುತ್ತಿದ್ದೆ. ಯಜಮಾನರದ್ದು ಅಂಗಡಿ, ಆದಾಯ ತಿಂಗಳು ತಿಂಗಳು ಒಂದೇ ಥರ ಇರಲ್ಲ. ಉಳಿದ 9 ಲಕ್ಷ ಇಟ್ಟುಕೊಂಡು ಸಾಲಗಾಮೆ ರಸ್ತೆ ಅಥವಾ ಹಿಮ್ಸ್ ಕಡೆ, ಬಾಡಿಗೆಗೆ ಜನ ಹುಡುಕುವ ಜಾಗದಲ್ಲಿ, ಚಿಕ್ಕದಾದರೂ ಎರಡು ಸಂಸಾರ ಇರಬಹುದಾದ ಮನೆ ಹುಡುಕುತ್ತಿದ್ದೆ. ಒಂದು ಖಾಲಿಯಾದರೂ ಇನ್ನೊಂದರ ಬಾಡಿಗೆ ಬರುತ್ತಿರುತ್ತದೆ. 28 ಲಕ್ಷದ ಮನೆಗೂ ಇದು ಸಾಧ್ಯ ಇದ್ದರೆ, ಬೆಲೆ ಸ್ವಲ್ಪ ಇಳಿದರೆ, ಮತ್ತೆ ಮಾತಾಡಬಹುದು. ಸಿಗದಿದ್ದರೆ ಒಂದೆರಡು ವರ್ಷ ಡಿಪಾಸಿಟ್‌ನಲ್ಲೇ ಇರಲಿ, ಏನೂ ಮುಳುಗುವುದಿಲ್ಲ.

ಸೈಟೇ ಬೇಕು ಅನ್ನುವುದಾದರೆ ಹುಡಾ ಅಥವಾ ಗೃಹ ಮಂಡಳಿ ಬಡಾವಣೆಯ ಸೈಟನ್ನು ಕೈ ಬದಲಾಗುವಾಗ ಕೊಳ್ಳಬಹುದು. ಬೆಲೆ ಜಾಸ್ತಿ, ಆದರೆ ಆ ಜಾಸ್ತಿಗೆ ಅರ್ಥ ಇದೆ. ಅದರಲ್ಲೂ ಒಂದು ಎಚ್ಚರ: ಹಂಚಿಕೆಯಾದ ಕೆಲವು ಸೈಟು ಇನ್ನೂ ಲೀಸ್ ಕಂ ಸೇಲ್ ಕರಾರಿನಲ್ಲೇ ಇರುತ್ತವೆ, ಅವಧಿ ಮುಗಿದು ಪೂರ್ಣ ಕ್ರಯಪತ್ರ ಆಗುವ ತನಕ ಮಾರುವಂತಿಲ್ಲ. ಜಿಪಿಎ (ಅಧಿಕಾರ ಪತ್ರ) ಬರೆದುಕೊಡ್ತೀವಿ ಅಂದರೆ ಒಪ್ಪಬೇಡಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇನ್ನು ಕಾಗದ, ಬಾಡಿಗೆದಾರ, ಸರ್ವೆ ಯಾವ ತಲೆನೋವೂ ಬೇಡ ಅನ್ನುವವರಿಗೆ ರೀಟ್ ಇದೆ. ದೊಡ್ಡ ಆಫೀಸು ಕಟ್ಟಡಗಳ ಬಾಡಿಗೆಯನ್ನು ಹಂಚುವ ಇವು 2019ರಿಂದ ಷೇರುಪೇಟೆಯಲ್ಲಿವೆ, ಒಂದು ಯೂನಿಟ್ ಕೂಡ ಕೊಳ್ಳಬಹುದು. ಬೆಲೆ ಷೇರಿನ ಥರ ಏರಿಳಿಯುತ್ತದೆ. ನಮ್ಮ ಕಡೆಯವರಿಗೆ ಮುಟ್ಟಿ ನೋಡಲಾಗದ ಆಸ್ತಿ ಅಂದರೆ ಅಷ್ಟಕ್ಕಷ್ಟೇ, ಆದರೂ ಹೇಳಿರುತ್ತೇನೆ.

ಹೆಸರಿನ ವಿಷಯ: ಹೆಂಗಸರ ಹೆಸರಿಗೆ ಮುದ್ರಾಂಕ ಕಡಿಮೆ ಅನ್ನುವುದು ಬೇರೆ ಕೆಲವು ರಾಜ್ಯಗಳಲ್ಲಿದೆ, ಕರ್ನಾಟಕದಲ್ಲಿಲ್ಲ. ಸಾಲ ಮಾಡುವುದಾದರೆ ಇಬ್ಬರ ಹೆಸರಿನಲ್ಲೂ ಮಾಡಿಸಿ, ಯಾರ ಖಾತೆಯಿಂದ ಎಷ್ಟು ಹೋಯಿತು ಅನ್ನುವುದು ಕ್ರಯಪತ್ರದಲ್ಲೇ ಚೆಕ್ ನಂಬರ್ ಸಮೇತ ಬರಲಿ.

ಭಾವನಿಗೆ ಸದ್ಯಕ್ಕೆ ನಾಲ್ಕು ಕಾಗದ ಕೇಳಿ: ಕನ್ವರ್ಷನ್ ಆದೇಶ, ಅನುಮೋದನೆ ಆದ ಬಡಾವಣೆ ನಕ್ಷೆ, ಕನ್ವರ್ಷನ್‌ಗೆ ಮುಂಚಿನ ಪಹಣಿ ಮತ್ತು ಅದರ ಎಂಆರ್, ಮೂವತ್ತು ವರ್ಷದ ಇಸಿ. 2004ಕ್ಕಿಂತ ಹಿಂದಿನ ಇಸಿ ಆನ್‌ಲೈನ್‌ನಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಬೇಕು, ಕೆಲವು ದಿನ ಹಿಡಿಯುತ್ತದೆ. ಬಂದ ಮೇಲೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸುವುದಾದರೆ ಪಹಣಿಯ 9ರಿಂದ 11ನೇ ಕಾಲಂ ಅಕ್ಷರ ಓದುವ ಹಾಗೆ ಹತ್ತಿರದಿಂದ ತೆಗೆಯಿರಿ.